ಎರಡೇ ಸೀಟಿನ ಗಾಡಿ

ಕಿತ್ತೂರಿನ ಹತ್ತಿರ ಹೆದ್ದಾರಿ ಬದಿಯ ಧಾಬಾ ಒಂದರ ಮುಂದೆ ಆ ಗಾಡಿಯನ್ನು ಮೊದಲ ಸಲ ಕಂಡಾಗ ನಾನು ನೋಡಿದ್ದು ಅದರ ಬಣ್ಣವನ್ನಲ್ಲ, ಸೀಟುಗಳನ್ನು. ಸುತ್ತ ನೆರೆದ ಮಂದಿ ಗಾಲಿ ಎಷ್ಟು ಅಗಲ ಅನ್ನುತ್ತಿದ್ದರು, ನೆಲಕ್ಕೆ ಎಷ್ಟು ಹತ್ತಿರ ಅನ್ನುತ್ತಿದ್ದರು. ಒಬ್ಬ ಅದರ ಬಾಗಿಲಿನ ಹೊಳಪಿನಲ್ಲಿ ತಲೆಗೂದಲು ಸರಿ ಮಾಡಿಕೊಳ್ಳುತ್ತಿದ್ದ. ನಾನು ಕಿಟಕಿಯ ಗಾಜಿಗೆ ಎರಡೂ ಕೈ ಮರೆ ಹಿಡಿದು ಒಳಗೆ ಇಣುಕಿದೆ. ಸೀಟು ಎರಡೇ. ಹಿಂದೆ ಒಂದು ಚೀಲ ಇಡುವಷ್ಟೂ ಜಾಗವಿರಲಿಲ್ಲ. ಇನ್ನೊಮ್ಮೆ ಎಣಿಸಿದೆ, ಎರಡೇ.

ಯಾಕೆಂದರೆ ನಾನು ಡ್ರೈವರು. ಬೈಲಹೊಂಗಲದಲ್ಲಿ ಹತ್ತಿ ವ್ಯಾಪಾರ ಮಾಡುತ್ತಿದ್ದ ಸಾಹುಕಾರರೊಬ್ಬರ ಅಂಬಾಸಿಡರ್ ಓಡಿಸುತ್ತಲೇ ನನ್ನ ಗಡ್ಡ ಬೆಳ್ಳಗಾಗಿತ್ತು. ತೊಂಬತ್ತರ ದಶಕದ ಶುರುವಿನಲ್ಲಿ, ನಮ್ಮಪ್ಪ ಲಾರಿ ಬಿಟ್ಟು ಮನೆ ಹಿಡಿದ ಮೇಲೆ, ಆ ಮನೆಯ ಕೆಲಸಕ್ಕೆ ಸೇರಿದವನು. ಸಾಹುಕಾರರು ಹಿಂದೆ, ನಾನು ಮುಂದೆ. ನನ್ನ ಸಂಸಾರ ನಡೆದದ್ದೇ ಆ ಮುಂದಿನ ಸೀಟಿನ ಮೇಲೆ. ಈ ಹೊಸ ಗಾಡಿಯಲ್ಲಿ ಒಂದು ಸೀಟು ಸಾಹುಕಾರರದು, ಇನ್ನೊಂದು ಅವರ ಹೆಂಡತಿಯದು, ನಾವೆಲ್ಲ ಅವ್ವಾರು ಎಂದು ಕರೆಯುತ್ತಿದ್ದವರದು. ನನ್ನ ಜಾಗ ಎಲ್ಲಿ?

"ಇದು ಡ್ರೈವರ್ ಕೈಯಾಗ ಕೊಡೂ ಗಾಡಿ ಅಲ್ಲಪಾ, ನಾನ ಹೊಡೀತೇನಿ," ಎಂದು ಅವರು ಹಿಂದಿನ ವಾರವೇ ಅಂದಿದ್ದರು. ನನ್ನನ್ನು ನೋಯಿಸಬೇಕೆಂದು ಅಂದದ್ದಲ್ಲ. ಮನಸ್ಸಿಗೆ ಬಂದದ್ದನ್ನು ಹಾಗೇ ಅಂದುಬಿಡುವ ಮನುಷ್ಯ ಅವರು. ಆದರೆ ಅಂದಿನಿಂದ ನನಗೆ ಊಟ ಸೇರುತ್ತಿರಲಿಲ್ಲ.

ಪುಣೆ–ಬೆಂಗಳೂರು ಹೆದ್ದಾರಿ ಅಗಲವಾಗಿ ಆಗಿನ್ನೂ ಹೊಸದು. ಕಿತ್ತೂರಿನ ಬಳಿ ನಿಂತರೆ ನಮ್ಮ ಕಡೆ ಹಿಂದೆಂದೂ ಕಾಣದ ಗಾಡಿಗಳು ಸುಂಯ್ಯೆಂದು ಹಾದು ಹೋಗುತ್ತಿದ್ದವು. ಪುಣೆಯ ಕಡೆಯ ಗುತ್ತಿಗೆದಾರರೊಬ್ಬರು ಸಾಹುಕಾರರಿಗೆ ಪರಿಚಯವಾಗಿದ್ದರು. ಗಾಡಿ ಅವರದು, ಜರ್ಮನಿಯದು, ಮಾರುವುದಿತ್ತು. ಹುಬ್ಬಳ್ಳಿಗೆ ಮದುವೆಗೆ ಹೊರಟವರು ಅದನ್ನು ಕಿತ್ತೂರಿನಲ್ಲಿ ನಮಗೆ ಒಪ್ಪಿಸಿ, "ನಾ ತಿರುಗಿ ಬರೂತನಾ ಹೊಡದ ನೋಡ್ರಿ. ಮನಸ್ಸಿಗೆ ಬಂದ್ರ ಇಟಗೋರಿ, ಇಲ್ಲಾಂದ್ರ ಒಯ್ತೇನಿ," ಎಂದು ಬೇರೆ ಗಾಡಿ ಹತ್ತಿ ಹೋದರು.

ಸಾಹುಕಾರರಿಗೆ ಅದು ತೋರಿಕೆಗೆ ಬೇಕಾಗಿರಲಿಲ್ಲ. "ಮ್ಯಾಲ ಅರಿವಿ ಹೊಚ್ಚಿ ಇಡೂ ಗಾಡಿ ತಗೊಂಡ ಏನ ಮಾಡೂದು? ದಿನಾ ಗಿರಣಿಗೆ ಹೋಗಬೇಕು, ಸವದತ್ತಿ ಪ್ಯಾಟಿಗೆ ಹೋಗಬೇಕು, ರಾಮದುರ್ಗಕ್ಕ ಮಗಳ ಮನಿಗೆ ಹೋಗಬೇಕು. ಆಗತೈತೋ ಇಲ್ಲೋ ಹೂಡಿ ನೋಡೂಣು," ಎಂದರು. ಎತ್ತು ಕೊಳ್ಳುವವರು ಅದನ್ನು ಮೊದಲು ಹೊಲಕ್ಕೆ ಒಯ್ದು ಹೂಡಿ ನೋಡುತ್ತಾರಲ್ಲ, ಹಾಗೆ. ಮರುದಿನ ಬೈಲಹೊಂಗಲದಿಂದ ಸವದತ್ತಿ, ಅಲ್ಲಿಂದ ಸಿರಸಂಗಿಯ ಕಡೆಯಿಂದ ರಾಮದುರ್ಗ ಎಂದು ಗೊತ್ತಾಯಿತು. ರಾಮದುರ್ಗದಲ್ಲಿದ್ದ ಮಗಳು ಅವರಿಗೆ ಒಬ್ಬಳೇ. ನಾನು ಅಕ್ಕಾರು ಅನ್ನುತ್ತಿದ್ದೆ. ವ್ಯಾಪಾರದಲ್ಲಿ ಅವರ ಮಾತು ದೊಡ್ಡದು. ಅವರು ಹೂಂ ಅಂದರೆ ಗಾಡಿ ಮನೆಗೆ ಬಂದಂತೆಯೇ.

ಇಲ್ಲಿ ಒಂದು ಸಂಗತಿ ಹೇಳಬೇಕು. ಹೇಳದಿದ್ದರೆ ನನ್ನದು ಬರೀ ಹೊಟ್ಟೆಯ ಹೆದರಿಕೆ ಎಂದು ತಿಳಿದೀರಿ. ಸಾಹುಕಾರರಿಗೆ ಬದಿ ಕಾಣುತ್ತಿರಲಿಲ್ಲ. ಎದುರಿಗಿದ್ದದ್ದು ಕಾಣುತ್ತಿತ್ತು, ಹತ್ತಿಯ ಎಳೆ ಹಿಂಜಿ ನೋಡಿ ಅದರ ಗುಣ ಹೇಳುವಷ್ಟು ಚೆನ್ನಾಗಿ ಕಾಣುತ್ತಿತ್ತು. ಆದರೆ ಎಡಕ್ಕೆ ಬಲಕ್ಕೆ ಇದ್ದದ್ದು ಅವರ ಪಾಲಿಗೆ ಇರುತ್ತಿರಲಿಲ್ಲ. ಎಡಗಡೆಯದಂತೂ ಭಾಳ ಹೋಗಿತ್ತು. ಹುಬ್ಬಳ್ಳಿಯ ಕಣ್ಣಿನ ಡಾಕ್ಟರರ ಹತ್ತಿರ ನಾನೇ ಕರೆದುಕೊಂಡು ಹೋಗಿದ್ದೆ. ಕಣ್ಣಿನೊಳಗೆ ಒತ್ತಡ ಹೆಚ್ಚಾಗಿ ನರ ಸಾಯುತ್ತಿದೆ, ಹೋದ ನೋಟ ತಿರುಗಿ ಬರುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಲು ದಿನಾ ಹನಿ ಹಾಕಿಕೊಳ್ಳಿ ಎಂದರು ಅವರು. ತಿರುಗಿ ಬರುವಾಗ ಧಾರವಾಡ ದಾಟಿದ ಮೇಲೆ ಸಾಹುಕಾರರು, "ಪ್ಯಾಟ್ಯಾಗ ಗೊತ್ತಾದ್ರ ನಾಳಿಂದ ನನಗ ನೀರ ಹೊಡದ ಹತ್ತಿ ಮಾರತಾರ. ಮನ್ಯಾಗ ಗೊತ್ತಾದ್ರ ಹೊರಗ ಬಿಡೂದಿಲ್ಲ. ಇದು ನಮ್ಮಿಬ್ಬರೊಳಗ ಇರ್ಲಿ," ಎಂದರು. ನಾನು ಹೂಂ ಅಂದೆ.

ಅಂದದ್ದೇನೋ ಸುಲಭ. ಹನಿಯ ಬಾಟಲಿ ಅಂಬಾಸಿಡರಿನಲ್ಲಿ ಇರುತ್ತಿತ್ತು. ದಿನಾ ಬೆಳಿಗ್ಗೆ ಗಿರಣಿಯ ದಾರಿಯಲ್ಲಿ ಒಂದು ಬೇವಿನ ಮರದ ಕೆಳಗೆ ನಿಲ್ಲಿಸಿ, ಅವರ ತಲೆ ಹಿಂದಕ್ಕೆ ವಾಲಿಸಿ, ನಾನೇ ಹಾಕುತ್ತಿದ್ದೆ. ಉಳಿದದ್ದೆಲ್ಲ ಬಾಯಿಯ ಕೆಲಸ. "ಎಡಕ್ಕ ಪಾವಟಿಗಿ ಅದಾವ್ರಿ," "ಬಲಕ್ಕ ಬ್ಯಾಂಕಿನ ಸಾಹೇಬ್ರು ನಮಸ್ಕಾರ ಮಾಡಾಕತ್ತಾರ್ರಿ," "ಎಮ್ಮಿ ಬಂತ್ರಿ, ನಿಂದರ್ರಿ" ಎಂದು ದಿನವಿಡೀ ವದರುತ್ತಿದ್ದೆ. ಊರಲ್ಲಿ ನನಗೆ ಬಾಯಿಬಡಕ ಎಂದು ಹೆಸರು ಬಿತ್ತು. ಅವ್ವಾರಂತೂ, "ಇವನ ಬಾಯಿಗೆ ಒಂದ ಕೀಲಿ ಹಾಕ್ರಿ," ಎಂದು ಗಂಡನ ಮುಂದೆ ಗೊಣಗುತ್ತಿದ್ದರು. ನಿಜ ಹೇಳಬೇಕೆಂದರೆ ನಾನು ಹುಟ್ಟಾ ಮಾತು ಕಡಿಮೆಯ ಮನುಷ್ಯ. ನಮ್ಮ ಮನೆಯಲ್ಲಿ ಕೇಳಿ ನೋಡಿ ಬೇಕಾದರೆ.

ಇಂಥ ಮನುಷ್ಯ ಈಗ ಆ ಗಾಡಿಯನ್ನು ತಾನೇ ಓಡಿಸುತ್ತೇನೆ ಅನ್ನುತ್ತಿದ್ದರು. ಬೇಡ ಅನ್ನಬೇಕಾದವನು ನಾನೊಬ್ಬನೇ. ಯಾಕೆ ಬೇಡ ಎಂದು ಬಾಯಿ ಬಿಡುವಂತಿಲ್ಲ. ಯಾಕೆಂದು ಹೇಳದೆ ಬೇಡ ಅಂದರೆ, ಡ್ರೈವರ್ ತನ್ನ ಕೆಲಸ ಉಳಿಸಿಕೊಳ್ಳಲು ನಾಟಕ ಹೂಡಿದ್ದಾನೆ ಅನ್ನುತ್ತಾರೆ. ಆ ಮಾತಿನಲ್ಲಿ ಸುಳ್ಳೂ ಇರಲಿಲ್ಲ. ಕೆಲಸ ಉಳಿಯಲಿ ಎಂದು ನನಗೂ ಇತ್ತು. ಎರಡು ಹೆದರಿಕೆಗಳೂ ಕಲೆತು, ಯಾವುದು ಯಾವುದೆಂದು ನನಗೇ ತಿಳಿಯದಂತಾಗಿತ್ತು. ಮನೆಗೆ ಹೋದರೆ ನನ್ನ ಹೆಂಡತಿ, ಗಾಡಿ ಸರಿ ಇಲ್ಲ ಎಂದು ಹೇಳಿಬಿಡು, ಅಷ್ಟೇ, ಇದರಲ್ಲಿ ಯೋಚನೆ ಮಾಡುವುದೇನಿದೆ ಎಂದಳು. ನಾನು ಅವಳ ಮೇಲೆ ರೇಗಿದೆ. ಪಾಪ, ಅವಳಿಗೂ ಕಣ್ಣಿನ ಸಂಗತಿ ಗೊತ್ತಿರಲಿಲ್ಲ.

ಬೆಳಿಗ್ಗೆ ಸಾಹುಕಾರರ ಅಂಗಳದಲ್ಲಿ ಹೂಡುವ ಕೆಲಸ ಶುರುವಾಯಿತು. ಮಗಳ ಮನೆಯ ಆಕಳಿಗೆ ಒಂದು ಸಣ್ಣ ಚೀಲ ಹಿಂಡಿ, ಮಗಳಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯ ಗಂಟು. ನಾನು ಹಿಂಡಿ ಹೊತ್ತು ಹಿಂದೆ ಹೋಗಿ ಡಿಕ್ಕಿ ಎತ್ತಿದರೆ ಒಳಗೆ ಎಂಜಿನ್ ಕೂತಿದೆ! ಅವ್ವಾರು ಬಾಯಿ ಮೇಲೆ ಸೆರಗು ಒತ್ತಿಕೊಂಡು ನಕ್ಕರು. ಡಿಕ್ಕಿ ಮುಂದೆ ಇತ್ತು, ಅದರಲ್ಲಿ ಹಿಂಡಿಯ ಚೀಲ ಕಷ್ಟಪಟ್ಟು ಹಿಡಿಯಿತು. ಸಾಹುಕಾರರು ಧೋತರ ಎತ್ತಿಕೊಂಡು, ಸೀಟಿನ ಮೇಲೆ ಮೊದಲು ಕೂತು, ಆಮೇಲೆ ಒಂದೊಂದೇ ಕಾಲು ಒಳಗೆ ಎಳೆದುಕೊಂಡರು. ಧೋತರದ ಚುಂಗು ಬಾಗಿಲಲ್ಲಿ ಸಿಕ್ಕಿತು, ಮತ್ತೆ ಬಾಗಿಲು ತೆಗೆಯಬೇಕಾಯಿತು. ಊರು ದಾಟುವ ತನಕ ನೀನೇ ಹೊಡಿ ಎಂದಿದ್ದರು, ಹಾಗಾಗಿ ಸ್ಟೇರಿಂಗ್ ನನ್ನ ಕೈಯಲ್ಲಿತ್ತು. ಹೊರಡುವಾಗ ಅವ್ವಾರು ನನ್ನ ಕಿಟಕಿಗೆ ಬಗ್ಗಿ, "ಅಲ್ಲೊ, ಇದ ಬಂದ್ರ ನಿನ್ನ ಗತಿ ಹೆಂಗ?" ಎಂದರು. ನಗುತ್ತಲೇ ಕೇಳಿದರು. ನಾನೂ ನಕ್ಕೆ.

ಗಾಡಿ ಕೆಟ್ಟದ್ದಾಗಿದ್ದರೆ ಎಷ್ಟು ಚೆನ್ನಾಗಿತ್ತು! ಅದು ಕೆಟ್ಟದ್ದಾಗಿರಲಿಲ್ಲ. ಸವದತ್ತಿಯ ರಸ್ತೆ ಹಿಡಿದು ಕಾಲು ಸ್ವಲ್ಪ ಒತ್ತಿದರೆ ಸಾಕು, ಬೆನ್ನು ಸೀಟಿಗೆ ಅಂಟುತ್ತಿತ್ತು. ತಿರುವಿನಲ್ಲಿ ಒಂದಿಷ್ಟೂ ವಾಲುತ್ತಿರಲಿಲ್ಲ. ಇಷ್ಟು ವರ್ಷ ಓಡಿಸಿದ್ದು ಗಾಡಿಯೋ ಚಕ್ಕಡಿಯೋ ಅನ್ನಿಸಿ ನನ್ನ ಅಂಬಾಸಿಡರಿನ ಬಗ್ಗೆ ನನಗೇ ಅಯ್ಯೋ ಅನ್ನಿಸಿತು. ಹಳ್ಳಿಗಳಲ್ಲಿ ಹಂಪ್ ಬಂದಾಗ ಮಾತ್ರ ಫಜೀತಿ. ಓರೆ ಮಾಡಿ ಒಂದೊಂದೇ ಗಾಲಿ ಹತ್ತಿಸಿ ಇಳಿಸಬೇಕು. ಆದರೂ ತಳ ಸರ್ರೆಂದು ಕೆರೆಯುತ್ತಿತ್ತು, ಕೆರೆದಾಗೆಲ್ಲ ನನ್ನ ಹಲ್ಲು ಜುಮ್ಮೆನ್ನುತ್ತಿತ್ತು. ಗಾಡಿಯ ತುಂಬ ಚರ್ಮದ ವಾಸನೆಯ ಜೊತೆ ಹಿಂಡಿಯ ವಾಸನೆ ಬೇರೆ.

"ಹೆಂಗೈತಿ?" ಎಂದರು ಸಾಹುಕಾರರು.

"ಛಲೋ ಐತ್ರಿ," ಎಂದೆ. ಏನು ಮಾಡಲಿ, ಬಾಯಿಂದ ಅದೇ ಬಂತು.

ಸವದತ್ತಿಯ ಪೇಟೆಯಲ್ಲಿ ಅವರ ವ್ಯಾಪಾರದ ಗೆಳೆಯರೆಲ್ಲ ಬಂದು ಗಾಡಿ ಮುಟ್ಟಿ ನೋಡಿದರು. ಒಬ್ಬರು, "ಸಾಹುಕಾರ್ರ, ಇನ್ನ ಡ್ರೈವರನ ಖರ್ಚ ಉಳೀತ ನೋಡ್ರಿ," ಎಂದು ನನ್ನೆದುರೇ ಅಂದರು. ಎಲ್ಲರೂ ನಕ್ಕರು. ಸಾಹುಕಾರರು ನಗಲಿಲ್ಲ, ಆದರೆ ಇಲ್ಲ ಎಂದೂ ಅನ್ನಲಿಲ್ಲ. ಊರು ದಾಟಿ ಸಿರಸಂಗಿಯ ಕಡೆ ಹೊರಳಿದ ಮೇಲೆ ಅವರು ನನ್ನ ತೊಡೆ ತಟ್ಟಿ, "ಇಳಿ ಇನ್ನ. ನಾ ಹೊಡೀತೇನಿ," ಎಂದರು.

ನಾನು ನಿಲ್ಲಿಸಿದೆ, ಆದರೆ ಇಳಿಯಲಿಲ್ಲ. "ಸಾಹುಕಾರ್ರ, ರಸ್ತಾ ಛಲೋ ಇಲ್ರಿ. ಊರ ಕಡೆ ಬಯಲಿನ್ಯಾಗ ಹೊಡೀರಂತ."

"ರಸ್ತಾ ಛಲೋ ಐತಿ. ನೀ ಯಾಕ ಬ್ಯಾಡ ಅಂತಿ ಅದನ್ನ ಹೇಳು."

"ನಿಮಗ ಗೊತ್ತೈತಲ್ರಿ."

"ಗೊತ್ತೈತಿ. ಅದಕ್ಕ ಈಗ ಹೊಡೀತೇನಿ ಅನ್ನಾಕತ್ತೇನಿ. ಮುಂದಿನ ವರ್ಷಕ್ಕ ಎಷ್ಟ ಉಳಿತೈತೋ ಯಾರ ಕಂಡಾರ? ಸಣ್ಣಾಂವ ಇದ್ದಾಗಿಂದ ಎತ್ತು, ಟ್ರ್ಯಾಕ್ಟರ್, ಜೀಪು ಎಲ್ಲಾ ನಾನ ಹೊಡದಾಂವ. ಈಗ ಹಿಂದಿನ ಸೀಟಿನ್ಯಾಗ ಗಂಟಿನಂಗ ಕುಂತೇನಿ. ಇಳಿ."

ಇಳಿದೆ. ಸುತ್ತಿ ಬಂದು ಎಡಗಡೆ ಕೂತೆ. ಅಲ್ಲಾಹನನ್ನು ನೆನೆದು ಬೆಲ್ಟು ಬಿಗಿದುಕೊಂಡೆ.

ಅವರು ಚೆನ್ನಾಗಿಯೇ ಓಡಿಸಿದರು. ಅದೇ ನನಗೆ ಹೆಚ್ಚು ಹೆದರಿಕೆ ತಂದದ್ದು. ಗೇರು ಮೆತ್ತಗೆ ಬೀಳುತ್ತಿತ್ತು, ಕೈ ಅಲುಗುತ್ತಿರಲಿಲ್ಲ, ಮುಖದ ಮೇಲೆ ನಾನೆಂದೂ ನೋಡದ ಒಂದು ಹುರುಪು. ನಾನು ಮಾತ್ರ ಅಭ್ಯಾಸದಂತೆ ವದರುತ್ತಲೇ ಇದ್ದೆ. "ಎಡಕ್ಕ ಸೈಕಲ್ ಐತ್ರಿ. ಬಲಕ್ಕ ಕುರಿ ಅದಾವ್ರಿ. ಎಡಕ್ಕ ಚಕ್ಕಡಿ, ಹೊರಳಾಕತ್ತೈತ್ರಿ..."

"ಲೇ, ಬಾಯಿ ಮುಚ್ಚು," ಎಂದರು. ಸಿಟ್ಟಿನಿಂದಲ್ಲ, ಬೇಡಿಕೊಳ್ಳುವ ದನಿಯಲ್ಲಿ. "ಇದೊಂದ ದಿನ ನಾ ಒಬ್ಬಾಂವ ಹೊಡೀತೇನಿ ಅಂತ ತಿಳಕೊಳ್ಳಾಕ ಬಿಡು."

ನಾನು ಬಾಯಿ ಮುಚ್ಚಿದೆ. ಕಾಲು ಮಾತ್ರ ಕೆಳಗೆ ಇಲ್ಲದ ಬ್ರೇಕನ್ನು ಒತ್ತುತ್ತಲೇ ಇತ್ತು. ಎದುರು ಬಂದ ಬಸ್ಸಿಗೆ ಅವರು ಸರಿಯಾಗಿ ದಾರಿ ಬಿಟ್ಟರು. ಒಂದು ಟ್ರ್ಯಾಕ್ಟರನ್ನು ಹಿಂದೆ ಹಾಕಿದರು. ವೇಗದ ಮುಳ್ಳು ಎಲ್ಲಿಗೆ ಹೋಗಿದೆ ಎಂದು ನೋಡುವ ಧೈರ್ಯ ನನಗಿರಲಿಲ್ಲ. ಹೀಗೇ ರಾಮದುರ್ಗ ಮುಟ್ಟಿಬಿಟ್ಟರೆ ಸಾಕು ಎಂದು ಒಂದು ಮನಸ್ಸು. ಹೀಗೆ ಮುಟ್ಟಿದರೆ ಗಾಡಿ ಕೊಂಡೇ ಬಿಡುತ್ತಾರೆ, ನನ್ನ ಕೆಲಸವೂ ಹೋಗುತ್ತದೆ, ಒಂದಲ್ಲ ಒಂದು ದಿನ ಯಾರದಾದರೂ ಜೀವವೂ ಹೋಗುತ್ತದೆ ಎಂದು ಇನ್ನೊಂದು ಮನಸ್ಸು.

ನಮ್ಮ ಕಡೆ ಸುಗ್ಗಿಯ ದಿನಗಳಲ್ಲಿ ಡಾಂಬರು ರಸ್ತೆಯೇ ಕಣ. ಕಿತ್ತು ತಂದ ಹುರುಳಿಯನ್ನು ರಸ್ತೆಯ ಮೇಲೆ ಹಾಸಿಬಿಡುತ್ತಾರೆ. ಲಾರಿ ಬಸ್ಸುಗಳು ತುಳಿದು ಹೋದಂತೆ ಕಾಳು ಉದುರುತ್ತದೆ. ಯಾರೂ ತಪ್ಪಿಸಿಕೊಂಡು ಹೋಗಬಾರದೆಂದು ಖಾಲಿ ಬದಿಯಲ್ಲಿ ಕಲ್ಲು ಸಾಲಾಗಿ ಇಟ್ಟಿರುತ್ತಾರೆ. ದೊಡ್ಡ ಗಾಡಿಯವರು ಬೈದುಕೊಂಡು ಹಾಯುತ್ತಾರೆ. ಒಂದು ಇಳುಕಲು ಇಳಿದ ಕೂಡಲೇ ನಮ್ಮೆದುರು ಅಂಥದೇ ಹಾಸಿಗೆ ಬಂತು, ದಪ್ಪನೆಯದು. ಬಲಕ್ಕೆ ಕಲ್ಲುಗಳು. ಎಡಕ್ಕೆ, ಡಾಂಬರು ಮುಗಿದು ಮಣ್ಣು ಶುರುವಾಗುವಲ್ಲಿ, ಒಬ್ಬ ಹೆಣ್ಣುಮಗಳು ರಸ್ತೆಗೆ ಬೆನ್ನು ಮಾಡಿ ಕೂತು ಮೊರದಲ್ಲಿ ಕಾಳು ಕೇರುತ್ತಿದ್ದಳು.

ಸಾಹುಕಾರರಿಗೆ ಹುರುಳಿ ಕಂಡಿತು, ಕಲ್ಲೂ ಕಂಡಿತು. ಗಾಡಿಯ ತಳ ಕೆಳಗಿದೆ, ಈ ದಪ್ಪ ಬಳ್ಳಿಯ ಮೇಲೆ ಹಾಯಿಸಬಾರದು ಎಂದೂ ಅವರಿಗೆ ಹೊಳೆಯಿತು. ಅವರು ಎಡಕ್ಕೆ ತಿರುಗಿಸಿದರು, ಮಣ್ಣಿನ ಬದಿಗೆ ಇಳಿಸಿ ಹೋಗೋಣವೆಂದು. ನಾನು ಅವರ ಮುಖ ನೋಡಿದೆ. ಅದರಲ್ಲಿ ಯಾವ ಗಾಬರಿಯೂ ಇರಲಿಲ್ಲ. ಖಾಲಿ ಜಾಗಕ್ಕೆ ಗಾಡಿ ಇಳಿಸುವವನ ಮುಖ ಅದು.

"ಬಲಕ್ಕ!" ಎಂದು ಕಿರುಚಿದೆ.

ನನ್ನ ದನಿಗೆ ತಿರುಗಿ ತಿರುಗಿ ಅವರ ಮೈ ಪಳಗಿತ್ತು. ಯಾಕೆ ಎಂದು ಕೇಳದೆ ಸ್ಟೇರಿಂಗ್ ಬಲಕ್ಕೆ ಹೊರಳಿತು, ಬ್ರೇಕು ಬಿತ್ತು. ಗಾಡಿ ಹುರುಳಿಯ ನಟ್ಟನಡುವೆ ಜಾರಿ ನಿಂತಿತು. ನನ್ನ ಕಿಟಕಿಯ ಹೊರಗೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಆ ಹೆಣ್ಣು ಮೊರ ಬೀಳಿಸಿಕೊಂಡು ಕೂತಲ್ಲೇ ಕೂತಿದ್ದಳು. ಕಾಳೆಲ್ಲ ಅವಳ ಮಡಿಲಿಗೆ, ಮಣ್ಣಿಗೆ ಚೆಲ್ಲಿತ್ತು.

ಅಷ್ಟರಲ್ಲಿ ಸುಟ್ಟ ವಾಸನೆ ಬಂತು. ಅಷ್ಟು ದೂರ ಓಡಿ ಕಾದ ಎಂಜಿನ್ನು, ಅದರ ಬಿಸಿ ಕೊಳವೆ, ಎಲ್ಲ ಹಿಂದೆ, ನೆಲಕ್ಕೆ ತಾಗಿದಂತೆ. ಕೆಳಗೆ ಒಣಗಿದ ಹುರುಳಿ ಬಳ್ಳಿ. ನಾನು ಹಾರಿ ಇಳಿದು ಸುತ್ತಿ ಬಂದು, ಸಾಹುಕಾರರನ್ನು ರಟ್ಟೆ ಹಿಡಿದು ಹೊರಗೆ ಎಳೆದೆ. ಒಳಗೆ ಕೂತು ಗಾಡಿಯನ್ನು ಹುರುಳಿಯಿಂದಾಚೆ ಮುಂದಕ್ಕೆ ಒಯ್ದೆ. ಹಿಂದೆ ಹೊಗೆ ಏಳುತ್ತಿತ್ತು. ಹೊಲದಿಂದ ಹೆಂಗಸರು ಓಡಿ ಬಂದರು. ಆಗಷ್ಟೇ ನಮ್ಮ ಗಾಲಿಯಿಂದ ಉಳಿದಿದ್ದ ಆ ಹೆಣ್ಣೇ ಗೋಣಿತಟ್ಟನ್ನು ಕುಡಿಯುವ ನೀರಿನ ಕೊಡದಲ್ಲಿ ಅದ್ದಿ ತಂದು ಗಾಡಿಯ ತಳಕ್ಕೆ ಬಡಿದಳು. ನಾನು ಮಣ್ಣು ತೂರಿದೆ. ಬೆಂಕಿ ದೊಡ್ಡದಾಗಲಿಲ್ಲ. ಗಾಡಿಯ ಹಿಂಭಾಗ ಮಸಿ ಹಿಡಿಯಿತು, ರಸ್ತೆಯ ಮೇಲೆ ಒಂದಿಷ್ಟು ಹುರುಳಿ ಕರಕಲಾಯಿತು, ಅಷ್ಟೇ.

ಬೆಂಕಿ ಆರಿದ ಮೇಲೆ ಅವಳಿಗೆ ಸಿಟ್ಟು ಬಂತು. "ಕಣ್ಣ ಕಾಣೂದಿಲ್ಲೇನ್ರಿ ನಿಮಗ? ಇಷ್ಟ ದೊಡ್ಡ ಹೆಣ್ಣಮಗಳು ಕುಂತೇನಿ, ಮ್ಯಾಲ ಗಾಡಿ ತರತೀರಲ್ಲ!"

ಯಾರಾದರೂ ಬೈಯುವ ಮಾತೇ ಅದು. ಸಾಹುಕಾರರು ದನಿ ಬಂದ ಕಡೆ ತಿರುಗಿ ಎರಡೂ ಕೈ ಮುಗಿದರು. "ತಪ್ಪಾತವ್ವಾ," ಎಂದರು. ಮುಗಿದದ್ದು ಅವಳಿಗಲ್ಲ, ಅವಳ ಪಕ್ಕದಲ್ಲಿ ಸುಮ್ಮನೆ ನಿಂತಿದ್ದ ಬೇರೆ ಹೆಂಗಸಿಗೆ. ಆ ಹೆಂಗಸು ತಬ್ಬಿಬ್ಬಾಗಿ ನನ್ನ ಮುಖ ನೋಡಿದಳು. ನನಗೆ ಅಲ್ಲೇ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಹಿಂಡಿಯ ಚೀಲ ಇಳಿಸಿ ಅವರ ಎತ್ತಿಗೆಂದು ಅಲ್ಲೇ ಬಿಟ್ಟು, ಸಾಹುಕಾರರನ್ನು ಎಡಗಡೆ ಕೂರಿಸಿ ನಾನೇ ಹೊರಟೆ.

ರಾಮದುರ್ಗದ ತನಕ ಅವರು ಆಡಿದ್ದು ಒಂದೇ ಮಾತು. "ಮಗಳ ಮುಂದ ಹೇಳಬ್ಯಾಡ."

ಅಕ್ಕಾರು ಬಾಗಿಲಿಗೇ ಬಂದಿದ್ದರು. ಗಾಡಿ ಸುತ್ತ ಒಂದು ಸುತ್ತು ಬಂದು ಹಿಂದೆ ನಿಂತುಬಿಟ್ಟರು. "ಅಪ್ಪಾ, ಇದೇನಿದು, ಕರ್ರಗಾಗೇತಿ?"

"ಹುರುಳಿ ಮ್ಯಾಲ ನಿಂತಿತ್ತವಾ, ಹೊಗಿ ಹಿಡೀತು," ಎಂದರು ಸಾಹುಕಾರರು.

"ಯಾರ ಹೊಡೀತಿದ್ರಿ?"

ನಾನು ಸಾಹುಕಾರರನ್ನು ನೋಡಿದೆ. ಅವರು ಚಪ್ಪಲಿ ಬಿಡುತ್ತಿದ್ದರು, ಬಿಡುತ್ತಲೇ ಇದ್ದರು. "ನಾನ್ರಿ," ಎಂದೆ.

"ಅಲ್ಲ ಕಾಕಾ, ಇಷ್ಟ ವರ್ಷದವ್ರು ನೀವು, ನೋಡಿ ಹೊಡೀಬಾರದೇನ್ರಿ?" ಎಂದು ಅವರು ಬೇಸರದಿಂದ ಒಳಗೆ ಹೋದರು. ನಾನೇ ಕಾಲೇಜಿಗೆ ದಿನಾ ಬಿಟ್ಟು ಬರುತ್ತಿದ್ದ ಹುಡುಗಿ ಅದು. ನನಗೆ ಎಂದೂ ಎದುರು ಮಾತಾಡಿದವರಲ್ಲ.

ಊಟವಾದ ಮೇಲೆ ಪಡಸಾಲೆಯಲ್ಲಿ ಚಹಾ ಬಂತು. ಸಾಹುಕಾರರು ಕುರ್ಚಿಯಲ್ಲಿ, ನಾನು ಬಾಗಿಲ ಹತ್ತಿರ. ಅಕ್ಕಾರು ನೇರ ನನಗೇ ಕೇಳಿದರು. "ಕಾಕಾ, ನೀವು ಹೊಡದ ನೋಡೀರಿ. ಅಪ್ಪಾಗ ದಿನಾ ಬಳಸಾಕ ಆಗತೈತೇನ್ರಿ?"

"ಬ್ಯಾಡ್ರಿ ಅಕ್ಕಾರ," ಎಂದೆ.

"ಯಾಕ?"

ಹಂಪ್ ಬಂದಲ್ಲೆಲ್ಲ ತಳ ಬಡಿಯುತ್ತದೆ ಎಂದೆ. ಹುರುಳಿಯ ಸುಗ್ಗಿಯಲ್ಲಿ ಓಡಾಡಲಾಗುವುದಿಲ್ಲ ಎಂದೆ. ಕೆಟ್ಟರೆ ರಿಪೇರಿ ಮಾಡುವವರು ನಮ್ಮ ಕಡೆ ಯಾರೂ ಇಲ್ಲ ಎಂದೆ. ಒಂದೊಂದು ಮಾತು ಆಡಿದಾಗಲೂ ಅದು ಎಷ್ಟು ತೆಳುವಾಗಿದೆ ಎಂದು ನನಗೇ ಕೇಳಿಸುತ್ತಿತ್ತು. ಅಕ್ಕಾರು ತಾಳ್ಮೆಯಿಂದ ಎಲ್ಲ ಕೇಳಿದರು. ಆಮೇಲೆ ಮೆತ್ತಗೆ, "ಕಾಕಾ, ಸಿಟ್ಟಾಗಬ್ಯಾಡ್ರಿ. ಇದರಾಗ ಡ್ರೈವರ್‌ಗೆ ಜಾಗಾ ಇಲ್ಲ ಅಂತ ಹಿಂಗ ಅನ್ನಾಕತ್ತೀರಿ ಹೌದಲ್ರೀ?" ಎಂದರು.

ಸಾಹುಕಾರರು ಕಪ್ಪಿನೊಳಗೆ ನೋಡುತ್ತ ಕೂತಿದ್ದರು. ಒಂದು ಮಾತು ಅನ್ನಬಹುದಿತ್ತು. ಅನ್ನಲಿಲ್ಲ. ನನಗೆ ಅವರ ಮೇಲೆ ಬಂದ ಸಿಟ್ಟು ಇಂದಿಗೂ ನೆನಪಿದೆ. ಅವರ ಗುಟ್ಟು ಒಡೆಯಲು ನನಗೆ ಅರೆ ಕ್ಷಣ ಸಾಕಿತ್ತು. ಆದರೆ ಹೂಂ ಅಂದವನು ನಾನು. ಮತ್ತೆ ಕಣ್ಣ ಮುಂದೆ ಆ ಮೊರ, ಆ ಚೆಲ್ಲಿದ ಕಾಳು. ನನ್ನ ಮಾತು ನಂಬುವಂತಾಗಲು ಒಂದೇ ದಾರಿ ಉಳಿದಿತ್ತು.

ಎದ್ದು ನಿಂತು, ಗಾಡಿಯ ಕೀಲಿಕೈಯನ್ನು ಅಕ್ಕಾರ ಮುಂದಿನ ಸ್ಟೂಲಿನ ಮೇಲೆ ಇಟ್ಟೆ. "ನಾಳಿಂದ ನಾ ಕೆಲಸಕ್ಕ ಬರೂದಿಲ್ರಿ ಅಕ್ಕಾರ. ಬಿಟ್ಟೇನಿ. ಬ್ಯಾರೆ ಡ್ರೈವರ್ ಇಟಗೋರಿ. ಈಗ ನನಗ ಇದರಾಗ ಏನೂ ಇಲ್ಲ. ಈಗರ ನನ್ನ ಮಾತ ಕೇಳ್ರಿ, ಸಾಹುಕಾರ್ರ ಕೈಯಾಗ ಗಾಡಿ ಕೊಡಬ್ಯಾಡ್ರಿ. ಇದೊಂದ ಅಲ್ಲ, ಯಾವುದೂ ಕೊಡಬ್ಯಾಡ್ರಿ."

ಮನೆಯಲ್ಲಿ ಏನು ಹೇಳುವುದು, ಈ ವಯಸ್ಸಿನಲ್ಲಿ ಯಾರು ಕೆಲಸ ಕೊಡುತ್ತಾರೆ, ಎಲ್ಲ ಆಮೇಲೆ ನೆನಪಾಯಿತು. ಅಕ್ಕಾರು ಬೆರಗಾಗಿ ನನ್ನನ್ನು ನೋಡಿದರು. ಆಮೇಲೆ ಅಪ್ಪನನ್ನು ನೋಡಿದರು. "ಅಪ್ಪಾ? ಯಾಕ ಹಿಂಗ ಅನ್ನಾಕತ್ತಾರ ಇವ್ರು?"

"ಹೊತ್ತಾತು," ಎಂದು ಸಾಹುಕಾರರು ಎದ್ದರು. "ಮುಳುಗೂದ್ರೊಳಗ ಊರ ಮುಟ್ಟಬೇಕು." ಕೀಲಿಕೈಯನ್ನು ತಾವೇ ತೆಗೆದುಕೊಳ್ಳಲು ಹೋಗಿ, ಕೈ ಸ್ಟೂಲಿನ ಬದಿಗೆ ಬಿತ್ತು. ಅಕ್ಕಾರು ಅದನ್ನು ಎತ್ತಿ, ಅಪ್ಪನಿಗೆ ಕೊಡದೆ, ನನ್ನ ಕೈಗೆ ಕೊಟ್ಟರು.

ತಿರುಗಿ ಬರುವಾಗ ನಾನು ಎಡ ಬಲ ಏನೂ ವದರಲಿಲ್ಲ; ಕೆಲಸ ಬಿಟ್ಟವನು ಯಾಕೆ ವದರಬೇಕು? ಹೊತ್ತು ಇಳಿಯುತ್ತಿತ್ತು. ಆ ಇಳುಕಲಿನ ಹತ್ತಿರ ಬಂದಾಗ ಹುರುಳಿ ಬಾಚಿ ಒಯ್ದಿದ್ದರು. ಹೆಂಗಸರು ಮನೆಗೆ ಹೋಗಿದ್ದರು. ಡಾಂಬರಿನ ಮೇಲೆ ಒಂದು ಕರಿ ಕಲೆ ಮಾತ್ರ ಉಳಿದಿತ್ತು. ಅದರ ಮೇಲೆ ಹಾದು ಸ್ವಲ್ಪ ಮುಂದೆ ಹೋಗಿದ್ದೆ, ಸಾಹುಕಾರರು, "ಅದ ಜಾಗ ಹೋತೇನು?" ಎಂದರು.

"ಹೋತ್ರಿ."

"ತಿರುಗಿಸು. ಮುಂಜಾನೆ ಬಂದಂಗ ನಿಲ್ಲಸು."

ಹೊರಳಿಸಿ, ಕಲೆ ಇನ್ನೂ ಮುಂದೆ ಇರುವಂತೆ, ಬೆಳಿಗ್ಗೆಯಂತೆ ರಾಮದುರ್ಗದ ಕಡೆ ಮುಖ ಮಾಡಿ ನಿಲ್ಲಿಸಿದೆ. ಅವರು ಇಳಿದು, ಗಾಡಿಯ ಮೈ ಮೇಲೆ ಕೈ ಆಡಿಸುತ್ತ ಸುತ್ತಿ ಬಂದು, ನನ್ನನ್ನು ಇಳಿಸಿ ಸ್ಟೇರಿಂಗಿನ ಮುಂದೆ ಕೂತರು. ಕೀಲಿಕೈ ಕಿತ್ತು ಜೇಬಿಗೆ ಹಾಕಿಕೊಂಡೆ. ಅವರು ಅದನ್ನು ಕೇಳಲಿಲ್ಲ. "ಆಕಿ ಎಲ್ಲಿ ಕುಂತಿದ್ಲೋ ಅಲ್ಲಿ ಹೋಗಿ ನಿಂದರು," ಎಂದರು.

ಹೋಗಿ ನಿಂತೆ. ಮಣ್ಣಿನಲ್ಲಿ ಇನ್ನೂ ಕೆಲವು ಕಾಳು ಬಿದ್ದಿದ್ದವು. ಸಾಹುಕಾರರು ಎರಡೂ ಕೈ ಸ್ಟೇರಿಂಗಿನ ಮೇಲಿಟ್ಟು, ಗಾಡಿ ಓಡಿಸುವವರಂತೆ ನೇರ ರಸ್ತೆ ನೋಡುತ್ತಿದ್ದರು.

"ನಿಂತಿಯೇನು?"

"ನಿಂತೇನ್ರಿ."

"ಕೈ ಎತ್ತು."

ಎತ್ತಿದೆ. ಅವರು ಕಾದರು. ಇನ್ನೊಂದು ಕೈಯನ್ನೂ ಎತ್ತಿದೆ, ಬೀಸಿದೆ. ಅವರ ಮುಖ ಹಾಗೇ ಇತ್ತು, ಖಾಲಿ ರಸ್ತೆ ನೋಡುವವನ ಮುಖ.

"ಎತ್ತಿಲ್ಲೇನ ಇನ್ನಾ?" ಎಂದರು.

"ಎರಡೂ ಎತ್ತೇನ್ರಿ," ಎಂದೆ. ಅವರ ಕೈಗಳು ಸ್ಟೇರಿಂಗಿನಿಂದ ಮೆಲ್ಲಗೆ ಜಾರಿ ತೊಡೆಯ ಮೇಲೆ ಬಿದ್ದವು. ಆಮೇಲೆ ಬಾಗಿಲು ತೆಗೆದು ಕಾಲು ಹೊರಗಿಟ್ಟು, ಕೈ ಚಾಚಿದರು. ನಾನು ಓಡಿ ಹೋಗಿ ಹಿಡಿದುಕೊಂಡೆ.

"ನೀನ ಹೊಡಿ," ಎಂದರು. ಎಡಗಡೆ ಹೋಗಿ ಕೂತು, ಬಾಗಿಲು ಹಾಕಿಕೊಂಡು, ನನ್ನ ಕಡೆ ಪೂರ್ತಿ ಮುಖ ತಿರುಗಿಸಿ ನನ್ನನ್ನು ಹುಡುಕಿ ನೋಡಿ, "ನಾಳಿನೂ ನೀನ ಹೊಡಿ," ಎಂದರು.